ಕೊಟ್ರಮ್ಮ ಬಿಚ್ಚದ ಪಟ್ಟಿ

ನ್ಯಾಮತಿಯಲ್ಲಿ ಮಸೀದಿಯ ಕಡೆಗೆ ಓಣಿ ತಿರುಗುವ ಜಾಗದಲ್ಲಿ ಒಂದು ಹಂಚಿನ ಮನೆಯಿತ್ತು. ಬೆಳಿಗ್ಗೆ ಹೊತ್ತು ಅದರ ಜಗಲಿಯ ಮೇಲೆ ಯಾರಾದರೊಬ್ಬರು ಕೈಯನ್ನೋ ಕಾಲನ್ನೋ ಚಾಚಿಕೊಂಡು ಕೂತೇ ಇರುತ್ತಿದ್ದರು. ಕುಡುಗೋಲು ತಾಗಿದವರು, ಎತ್ತು ತುಳಿದವರು, ಕೊಡಲಿ ಜಾರಿದವರು. ಮನೆಯಾಕೆಯ ಹೆಸರು ಖಮರುನ್ನೀಸಾ. ಅಷ್ಟುದ್ದದ ಹೆಸರನ್ನು ಊರು ಬಾಯಿಗೆ ಹಾಕಿಕೊಳ್ಳಲಿಲ್ಲ. ಪಟ್ಟಿ ಬೂಬಮ್ಮ ಎಂದರೆ ಸುತ್ತ ಹತ್ತು ಹಳ್ಳಿಗೆ ಗೊತ್ತಿತ್ತು.

ಅವಳ ತಂದೆ ಇಮಾಮ್‌ಸಾಬ್ ಜರ್ರಾ ಕೆಲಸದವನು. ಕುರು ಕೊಯ್ಯುವುದು, ಗಾಯ ತೊಳೆದು ಕಟ್ಟುವುದು ಅವನ ಕಸುಬು. ಗಂಡುಮಕ್ಕಳಿಲ್ಲದ್ದಕ್ಕೆ ಮಗಳಿಗೇ ಕಲಿಸಿದ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡು ಅವಳು ತೌರಿಗೆ ಬಂದಾಗ ಆ ಕಲಿತದ್ದೇ ಅನ್ನವಾಯಿತು. ಬೇವಿನ ಸೊಪ್ಪು ಹಾಕಿ ಕುದಿಸಿದ ನೀರು, ಹಳೇ ಪಂಚೆ ಹರಿದು ಕುದಿಸಿ ಬಿಸಿಲಿಗೆ ಒಣಗಿಸಿದ ಪಟ್ಟಿಗಳು, ಒಂದು ಚಿಟಿಕೆ ಅರಿಸಿನ. ಅವಳ ಸರಂಜಾಮು ಇಷ್ಟೇ. ತೊಳೆಯುವಾಗ ಮಾತ್ರ ಅವಳಿಗೆ ಕರುಣೆಯಿರಲಿಲ್ಲ. ಗಾಯಾಳು ಎಷ್ಟು ಕೂಗಿಕೊಂಡರೂ ಮಣ್ಣಿನ ಕೊನೆಯ ಕಣ ಹೋಗುವವರೆಗೂ ನೀರು ಬಿಡುತ್ತಲೇ ಇರುತ್ತಿದ್ದಳು.

ಇಮಾಮ್‌ಸಾಬ್ ಒಂದು ಕಟ್ಟಳೆ ಮಾಡಿ ಹೋಗಿದ್ದ. ಪಟ್ಟಿ ಕಟ್ಟಿದವರ ಕೈಯಿಂದಲೇ ಅದನ್ನು ಬಿಚ್ಚಿಸಬೇಕು, ಬೇರೆ ಯಾರೂ ಮುಟ್ಟಬಾರದು. ಅದರಲ್ಲಿ ಮಂತ್ರ ಗಿಂತ್ರ ಏನೂ ಇರಲಿಲ್ಲ. ಜನ ಮನೆಗೆ ಹೋಗಿ ಕಟ್ಟು ಸಡಲಿಸಿ ಒಳಗೆ ಸಗಣಿ ಮೆತ್ತುವುದು, ನಶ್ಯ ತುಂಬುವುದು, ಜೇಡರ ಬಲೆ ಇಡುವುದು ನೋಡಿ ನೋಡಿ ಸಾಕಾಗಿ ಮಾಡಿದ ಕಟ್ಟಳೆ ಅದು. ಮಗಳು ಅದನ್ನು ತಂದೆಗಿಂತ ಬಿಗಿಯಾಗಿ ಹಿಡಿದಳು. ಯಾರಾದರೂ ಬಿಚ್ಚಿ ನೋಡಿದ್ದು ಗೊತ್ತಾದರೆ ಎರಡನೇ ಸಲ ಜಗಲಿ ಹತ್ತಿಸುತ್ತಿರಲಿಲ್ಲ. ಹೀಗಾಗಿ ಊರಿನವರಿಗೆ ಅದು ದೇವರ ಅಪ್ಪಣೆಯಂತೆ ಆಗಿಹೋಯಿತು. ಬೂಬಮ್ಮ ಕಟ್ಟಿದ್ದನ್ನು ಬೇರೆಯವರು ಬಿಚ್ಚಿದರೆ ಗಾಯ ಮಾಯುವುದಿಲ್ಲ ಎಂದು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಅವಳು ಅಲ್ಲ ಎನ್ನುತ್ತಿರಲಿಲ್ಲ. ಮೂರನೇ ದಿನ ತಪ್ಪದೆ ತಾನೇ ಬಿಚ್ಚುತ್ತಿದ್ದಳಲ್ಲ, ಅದರಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ.

ಯುದ್ಧದ ಕಾಲ ಬಂತು. ಸೀಮೆಎಣ್ಣೆ ಹೋಯಿತು, ಸಕ್ಕರೆ ಹೋಯಿತು, ಆಮೇಲೆ ಬಟ್ಟೆಗೂ ಕಂಟ್ರೋಲು ಬಂತು. ಉಡುವುದಕ್ಕೇ ತೇಪೆಯ ಮೇಲೆ ತೇಪೆ ಹಾಕುವಾಗ ಪಟ್ಟಿಗೆಂದು ಹಳೇ ಪಂಚೆ ಯಾರು ಕೊಡುತ್ತಾರೆ? ಮೊದಲೆಲ್ಲ ಗಾಯಾಳುವಿನ ಜೊತೆಗೆ ಒಂದು ಹಳೇ ಬಟ್ಟೆ ಬರುತ್ತಿತ್ತು. ಈಗ ಬರಿಗೈಯಲ್ಲಿ ಬಂದು ನಾಚಿಕೊಂಡು ನಿಲ್ಲುತ್ತಿದ್ದರು. ಬೂಬಮ್ಮ ತನ್ನ ದುಪ್ಪಟಿ ಹರಿದಳು, ಸತ್ತ ತಂದೆಯ ರುಮಾಲು ಹರಿದಳು. ಬಿಚ್ಚಿದ ಪಟ್ಟಿಗಳನ್ನೇ ಮತ್ತೆ ಮತ್ತೆ ಕುದಿಸಿದ್ದಕ್ಕೆ ಅವು ಬೆರಳಿಗೆ ಸುತ್ತಿದರೆ ಜೂಲು ಜೂಲಾಗಿ ಕಿತ್ತು ಬರುವ ಹಾಗಾದವು.

ಆ ವರ್ಷ ರಸೂಲ್ ಬಂದ. ಜಗಳೂರಿನ ಕಡೆಯ ಸೊಕ್ಕೆಗೆ ಕೊಟ್ಟಿದ್ದ ಅವಳ ತಂಗಿ ದಿಲ್‌ಶಾದ್ ಬೇಗಂಳ ಮಗ. ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸಕ್ಕಿದ್ದ. ದೊಡ್ಡಮ್ಮನಿಗೆಂದು ಒಂದು ದುಂಡನೆಯ ತಗಡಿನ ಡಬ್ಬಿ ತಂದಿದ್ದ. ಮುಚ್ಚಳ ತೆಗೆದರೆ ಒಳಗೆ ಉರುಳೆಗೆ ಸುತ್ತಿದ ಪಟ್ಟಿ. ಒಂದು ಮಗ್ಗಲು ಬಟ್ಟೆ, ಇನ್ನೊಂದು ಮಗ್ಗಲು ಅಂಟು.

"ಗಂಟು ಹಾಕೋದೇ ಬ್ಯಾಡ ಖಾಲಾ. ಹಿಂಗೆ ಕತ್ತರಿಸಿ ಹಿಂಗೆ ಒತ್ತಿದರೆ ಹಿಡಕಂತು," ಎಂದು ಅವಳ ಮೊಣಕೈಗೇ ಒಂದು ತುಂಡು ಅಂಟಿಸಿ ತೋರಿಸಿದ.

"ಹಂಚಿನ ಸೋರಿಕೆಗೂ ಆದೀತೇನೋ?"

"ನಗಬ್ಯಾಡ ಖಾಲಾ, ಕೇಳು. ಗಾಯ ಚೊಕ್ಕ ತೊಳದು ಪೂರಾ ಒಣಗಿಸಬೇಕು. ಮೇಲೆ ಮೆತ್ತನೆ ಬಟ್ಟೆ ಇಟ್ಟು ಬಟ್ಟೆ ಅಂಚಿಗೆ ಮಾತ್ರ ಇದನ್ನ ಅಂಟಿಸಬೇಕು. ಗಾಯದ ಮ್ಯಾಲೇ ಮುಚ್ಚಿ ಒತ್ತಬಾರದು. ಮತ್ತೆ ದಿನಾ ಬಿಚ್ಚಿ ನೋಡಬೇಕು. ಆಳದ ಗಾಯಕ್ಕಂತೂ ಇದು ಬ್ಯಾಡವೇ ಬ್ಯಾಡ. ಡಾಕ್ಟರು ನಮಗೆ ಬೈದು ಬೈದು ಕಲಿಸ್ಯಾರೆ."

"ದಿನಾ ಬಿಚ್ಚಿದರೆ ವಾರಕ್ಕೆ ನಿನ್ನ ಡಬ್ಬಿ ಖಾಲಿ. ಆಮೇಲೆ ಏನು ಅಂಟಿಸಲಿ, ಹಲಸಿನ ಮೇಣವಾ?" ಎಂದಳು ಬೂಬಮ್ಮ.

ರಸೂಲ್ ನಕ್ಕ. ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು. ಮರೆತಳು ಎಂದು ಹೇಳಲು ಬರುವುದಿಲ್ಲ.

ಅಂಟುಪಟ್ಟಿ ಬಂದದ್ದು ಊರಿಗೆಲ್ಲ ಸುದ್ದಿಯಾಯಿತು. ಕುರಿ ಕಾಯುವ ಮಾರಪ್ಪನ ಮೊಣಕಾಲು ತರಚಿದ್ದಕ್ಕೆ ಮೊದಲು ಹಚ್ಚಿದ್ದು. ನಾಲ್ಕು ದಿನಕ್ಕೆ ಗಾಯ ಒಣಗಿತು. ಅವನು ಎಂಟು ದಿನವಾದರೂ ಅದನ್ನು ಕೀಳಿಸಿಕೊಳ್ಳಲು ಒಪ್ಪದೆ ಪಂಚೆ ಎತ್ತಿ ಕಟ್ಟಿಕೊಂಡು ಎಲ್ಲರಿಗೂ ಕಾಣುವಂತೆ ಓಡಾಡಿದ. ಪಕ್ಕದ ಮನೆಯ ಅಂಜಮ್ಮ ತಲೆನೋವಿಗೆ ಒಂದು ತುಂಡು ಹಣೆಗೆ ಹಚ್ಚೆಂದು ಬಂದಳು.

"ತಲೆಗಲ್ಲ, ನಿನ್ನ ಬಾಯಿಗೆ ಹಚ್ತೀನಿ ಬಾ, ಊರಿಗೆ ಒಳ್ಳೇದಾಗ್ತೈತೆ," ಎಂದಳು ಬೂಬಮ್ಮ. ಅಂಜಮ್ಮ ಇದನ್ನು ತಾನೇ ಹತ್ತು ಮನೆಯಲ್ಲಿ ಹೇಳಿಕೊಂಡು ನಕ್ಕಳು.

ಬೂಬಮ್ಮನಿಗೆ ತೀರ ಬೇಕಾದವಳು ಕೊಟ್ರಮ್ಮ. ಎರಡು ಓಣಿ ಆಚೆ ಮಂಡಕ್ಕಿ ಭಟ್ಟಿ ಇಟ್ಟಿದ್ದ ಮುರುಗೇಶಪ್ಪನ ಹೆಂಡತಿ. ಮಕ್ಕಳಿಲ್ಲ. ಬಿಸಿ ಮರಳಿನಲ್ಲಿ ಅಕ್ಕಿ ಹುರಿದು, ಜರಡಿ ಹಿಡಿದು, ದಿನವಿಡೀ ಹೊಗೆಯಲ್ಲಿ ಕೂರುವ ಹೆಂಗಸು. ಮೈಮೇಲೆ ಯಾವಾಗಲೂ ಒಂದಿಲ್ಲೊಂದು ಸುಟ್ಟ ಗುರುತು. ಪಟ್ಟಿ ಕಟ್ಟಿಸಿಕೊಳ್ಳಲು ಬಂದೂ ಬಂದೂ ಇಬ್ಬರಿಗೂ ಸಲಿಗೆ ಬೆಳೆದು ಅಕ್ಕ ತಂಗಿಯರಂತೆ ಆಗಿದ್ದರು. ಬೂಬಮ್ಮ ಆ ಮನೆಯಲ್ಲಿ ಪಡಸಾಲೆಯವರೆಗೆ ಹೋಗುತ್ತಿದ್ದಳು, ಒಳಗೆ ಹೋಗುತ್ತಿರಲಿಲ್ಲ. ಕೊಟ್ರಮ್ಮ ಈ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಅದರಿಂದ ಅವರ ನಡುವೆ ಏನೂ ಕಡಿಮೆಯಾಗಿರಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಸೊಕ್ಕೆಯಿಂದ ಬಂದವರೊಬ್ಬರು ದಿಲ್‌ಶಾದ್‌ಗೆ ಜ್ವರ ಬಂದು ಹತ್ತು ದಿನವಾಯಿತು, ಮಾತು ತಪ್ಪುತ್ತಿದೆ ಎಂದು ಹೇಳಿ ಹೋದರು. ಬೂಬಮ್ಮ ಬಟ್ಟೆ ಗಂಟು ಕಟ್ಟಿ ಬಸ್ಸಿಗೆ ಹೊರಡುವ ಹೊತ್ತಿಗೆ ಕೊಟ್ರಮ್ಮ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಂದಳು. ಮಂಡಕ್ಕಿ ಅಳೆಯುವ ಹಳೇ ಸೀಮೆಎಣ್ಣೆ ಡಬ್ಬದ ಅಂಚು ಕಿತ್ತು, ತುಕ್ಕು ಹಿಡಿದ ತಗಡು ಅಂಗೈಯನ್ನು ಹೆಬ್ಬೆರಳ ಬುಡದಿಂದ ಓರೆಯಾಗಿ ಸೀಳಿತ್ತು. ರಕ್ತ ನಿಲ್ಲಲೆಂದು ಅವಳು ಭಟ್ಟಿಯ ಮರಳನ್ನೇ ಮುಷ್ಟಿಯಲ್ಲಿ ಒತ್ತಿ ಹಿಡಿದು ಬಂದಿದ್ದಳು.

"ಎಂಥ ಕೆಲಸ ಮಾಡಿದೆ ತಾಯಿ, ಮರಳು ತುಂಬ್ತಾರೇನು ಗಾಯಕ್ಕೆ?"

"ಕೈಗೆ ಸಿಕ್ಕಿದ್ದು ಅದೇ ಬೂಬಕ್ಕ. ನಿನ್ನ ಬಸ್ಸು ಹೋಗ್ತೈತೆ, ಏನಾರ ಒಂದು ಸುತ್ತಿ ಕಳಿಸು."

ಒಲೆ ಆರಿಸಿಯಾಗಿತ್ತು. ಹಿಂದಿನ ದಿನದ ಬೇವಿನ ನೀರು ತಣ್ಣಗೆ ಚೆಂಬಿನಲ್ಲಿತ್ತು. ಅದನ್ನೇ ಸುರಿದು ತೊಳೆದಳು. ಯಾವಾಗಲೂ ಆರು ಚೆಂಬು ಸುರಿಯುವವಳು ಅಂದು ಎರಡು ಸುರಿದಳು. ಆಳದಲ್ಲಿ ಇನ್ನೂ ನಾಲ್ಕು ಕಾಳು ಮರಳು ಮಿನುಗಿದ್ದು ಕಂಡಿತು ಕೂಡ. ಆ ಕಡೆ ಬಸ್ಸಿನವನು ಹಾರ್ನು ಒತ್ತುತ್ತಿದ್ದ. ಪಟ್ಟಿಯ ಬುಟ್ಟಿಯಲ್ಲಿ ಗಟ್ಟಿ ಬಟ್ಟೆಯ ಒಂದು ತುಂಡೂ ಇರಲಿಲ್ಲ. ಡಬ್ಬಿ ತೆಗೆದು, ಗಾಯದ ಎರಡು ತುಟಿಗಳನ್ನು ಒತ್ತಿ ಸೇರಿಸಿ, ಅಂಟುಪಟ್ಟಿಯನ್ನು ಅದರ ಮೇಲೆಯೇ ಅಡ್ಡಡ್ಡ ನಾಲ್ಕು ಸಾಲು ಬಿಗಿದಳು. ಹೊಗೆ, ಬೂದಿ, ನೀರು ಒಂದೂ ಹೋಗದ ಹಾಗೆ.

"ಗುರುವಾರ ಬಂದು ಬಿಚ್ತೀನಿ. ಅಲ್ಲೀತನ ಯಾರ ಕೈಗೂ ಕೊಡಬ್ಯಾಡ."

"ನಿನ್ನ ಕೈ ಬಿಟ್ಟು ಯಾರ ಕೈಗೆ ಕೊಡಲಿ? ಹೋಗಿ ಬಾ, ತಂಗೀನ ನೋಡು."

ಸೊಕ್ಕೆಯಲ್ಲಿ ದಿಲ್‌ಶಾದ್ ಹಾಸಿಗೆಗೆ ಅಂಟಿಹೋಗಿದ್ದಳು. ಗಂಜಿಯ ನೀರು ಕೂಡ ಒಳಗೆ ನಿಲ್ಲುತ್ತಿರಲಿಲ್ಲ. ಮಂಗಳವಾರ, ಬುಧವಾರ ಹೇಗೆ ಕಳೆದವೋ ಬೂಬಮ್ಮನಿಗೆ ತಿಳಿಯಲಿಲ್ಲ. ಗುರುವಾರ ಬೆಳಗಾದಾಗ ಮಾತ್ರ ನೆನಪಾಯಿತು. ಇವತ್ತು ಕೊಟ್ರಮ್ಮನ ಕೈ ಬಿಚ್ಚುವ ದಿನ. ಬಟ್ಟೆಯ ಪಟ್ಟಿಯಾದರೆ ಒಳಗೆ ಕೀವಾದರೆ ಹೊರಗೆ ಒದ್ದೆಯಾಗುತ್ತದೆ, ನಾರುತ್ತದೆ, ಮನೆಯವರಿಗೇ ಗೊತ್ತಾಗುತ್ತದೆ. ಅಂಟುಪಟ್ಟಿ ಏನೂ ಹೇಳುವುದಿಲ್ಲ. ಮರಳಿನ ಆ ನಾಲ್ಕು ಕಾಳು ಕಣ್ಣ ಮುಂದೆ ಬಂದವು.

ಶಾಲೆಯ ಮೇಷ್ಟ್ರು ಚಿಕ್ಕಹನುಮಂತಪ್ಪನವರ ಮನೆಗೆ ಹೋಗಿ ಒಂದು ಕಾರ್ಡು ಬರೆಸಲು ಕೂತಳು. ಅವರು ಬರೆದುಕೊಂಡರು: ತಂಗಿಗೆ ಕಾಯಿಲೆ ಜೋರಾಗಿದೆ, ಬರುವುದು ತಡವಾಗುತ್ತದೆ, ಬಂದೇ ಬರುತ್ತೇನೆ, ಕೈ ಜೋಪಾನ.

"ಏನು ಗಾಯ ಬೂಬಮ್ಮ? ತಡ ಆಗೋದಾದ್ರೆ ಅವರೇ ಪಟ್ಟಿ ಬಿಚ್ಚಿ ತೊಳಕೊಳ್ಳಲಿ ಅಂತ ಬರೀಲೇನು? ಇನ್ನೂ ಜಾಗ ಐತೆ," ಎಂದು ಮೇಷ್ಟ್ರು ಕೇಳಿದರು.

ಬರೆಯಿರಿ ಎಂದು ನಾಲಿಗೆಯ ತುದಿಗೆ ಬಂದಿತ್ತು. ಆಗ ಅವಳಿಗೆ ಬೇರೆ ಒಂದು ಯೋಚನೆ ಬಂತು. ಈ ಕಾರ್ಡನ್ನು ಮುರುಗೇಶಪ್ಪ ಓದುತ್ತಾನೆ, ಅಂಜಮ್ಮನಿಗೆ ತಿಳಿಯುತ್ತದೆ, ಸಂಜೆಯೊಳಗೆ ಊರಿಗೇ ತಿಳಿಯುತ್ತದೆ. ಬೂಬಮ್ಮನೇ ಬಿಚ್ಚಿಕೊಳ್ಳಿ ಅಂದಳಂತೆ ಎಂದಾದ ಮೇಲೆ ನಾಳೆ ಯಾರು ಕಟ್ಟಳೆ ಕೇಳುತ್ತಾರೆ? ಮತ್ತೆ ಸಗಣಿ, ಮತ್ತೆ ನಶ್ಯ. ಅಪ್ಪನ ಮಾತು ಅಲ್ಲಿಗೆ ಮುಗಿಯಿತು. ಅಷ್ಟೇ ಅಲ್ಲ, ಒಳಗಿನ ಮಾತು ಇನ್ನೊಂದಿತ್ತು. ತನ್ನ ಕೈಯಿಂದಲೇ ಮಾಯುತ್ತದೆ ಎಂಬ ಹೆಸರು ಅವಳಿಗೂ ಬೇಕಾಗಿತ್ತು.

"ಬ್ಯಾಡ ಮೇಷ್ಟ್ರೇ. ಇಷ್ಟೇ ಸಾಕು. ಎರಡು ದಿನದಾಗೆ ನಾನೇ ಹೋಗ್ತೀನಿ."

ಎರಡು ದಿನದಲ್ಲಿ ಹೋಗಲಾಗಲಿಲ್ಲ. ಶನಿವಾರ ದಿಲ್‌ಶಾದ್ ಬೆವತು ಜ್ವರ ಇಳಿಯಿತು. ಭಾನುವಾರ ಗಾಡಿ ಸಿಗಲಿಲ್ಲ. ಸೋಮವಾರ ಯಾರದೋ ಹತ್ತಿ ಹೇರಿದ ಗಾಡಿಯ ಮೇಲೆ ಕೂತು ಜಗಳೂರಿಗೆ ಬಂದರೆ, ಪೆಟ್ರೋಲಿಲ್ಲದೆ ಇದ್ದಿಲಿನ ಮೇಲೆ ಓಡುತ್ತಿದ್ದ ದಾವಣಗೆರೆಯ ಬಸ್ಸು ಊರ ಹೊರಗೆ ನಿಂತಿತ್ತು. ಬೆಂಕಿ ಹತ್ತುತ್ತಿಲ್ಲ ಎಂದು ಡ್ರೈವರು ಹಿಂದಿನ ಕೊಳವೆಗೆ ಕೋಲು ಹಾಕಿ ತಿವಿಯುತ್ತಿದ್ದ. ದಾವಣಗೆರೆ ಮುಟ್ಟಿದಾಗ ಸಂಜೆ. ಮರುದಿನ ಬೆಳಿಗ್ಗೆ ಇನ್ನೊಂದು ಬಸ್ಸು ಹಿಡಿದು, ಹೊನ್ನಾಳಿಯ ಮೇಲೆ ಬಂದು ನ್ಯಾಮತಿಯಲ್ಲಿ ಇಳಿದಾಗ ಮಂಗಳವಾರ ಬಿಸಿಲು ನೆತ್ತಿಗೆ ಬಂದಿತ್ತು. ಪಟ್ಟಿ ಹಚ್ಚಿ ಅದು ಒಂಬತ್ತನೇ ದಿನ.

ಮನೆಗೆ ಹೋಗಲಿಲ್ಲ. ಗಂಟು ಸಮೇತ ಕೊಟ್ರಮ್ಮನ ಮನೆಗೆ ನಡೆದಳು. ಓಣಿಗೆ ಬಂದಾಗ ಮಂಡಕ್ಕಿ ಹುರಿಯುವ ವಾಸನೆ ಬರಲಿಲ್ಲ. ಭಟ್ಟಿ ತಣ್ಣಗಿತ್ತು. ಬಾಗಿಲಲ್ಲಿ ಕೂತಿದ್ದ ಅಂಜಮ್ಮ ಎದ್ದು ನಿಂತಳು.

"ಈಗ ಬಂದೆಯಾ ಬೂಬಮ್ಮ. ಕೈ ಊದಿ ಕಂಬ ಆಗೈತೆ. ನಾಲ್ಕು ದಿನದಿಂದ ಜ್ವರ. ಬಿಚ್ತೀನಿ ಕೊಡು ಅಂದರೆ ಕೈಯ ಮೈಕೆಳಗೆ ಹಾಕ್ಕೊಂಡು ಮಲಗ್ತಾಳೆ. ಹೊನ್ನಾಳಿ ಆಸ್ಪತ್ರೆಗೆ ಹೋಗಾನ ಅಂತ ಶನಿವಾರ ಮುರುಗೇಶಣ್ಣ ಗಾಡಿ ಕಟ್ಟಿದ್ದ. ಅಷ್ಟರಾಗೆ ನಿನ್ನ ಕಾರ್ಡು ಬಂತು."

"ಕಾರ್ಡು ಬಂದ ಮ್ಯಾಲೆ ಏನಾತು?"

"ಏನಾಗ್ತೈತೆ, ಬಂದೇ ಬರ್ತೀನಿ ಅಂತ ಬರೆಸ್ಯಾಳೆ ನೋಡ್ರಿ ಅಂದಳು. ಗಾಡಿ ಬಿಚ್ಚಿಸಿದಳು."

ಪಡಸಾಲೆಯಲ್ಲಿ ಮುರುಗೇಶಪ್ಪ ಗೋಡೆಗೆ ಒರಗಿ ಕೂತಿದ್ದ. ಒಳಗೆ ಬಾರಮ್ಮ ಎಂದು ಕೈ ತೋರಿಸಿದ. ಅಷ್ಟು ವರ್ಷದಲ್ಲಿ ಬೂಬಮ್ಮ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೊಟ್ರಮ್ಮ ಚಾಪೆಯ ಮೇಲಿದ್ದಳು. ಮುಖ ಕೆಂಡವಾಗಿ, ತುಟಿ ಒಡೆದಿತ್ತು. ದಿಂಬಿನ ಕೆಳಗಿಂದ ಕಾರ್ಡಿನ ಒಂದು ಮೂಲೆ ಕಾಣುತ್ತಿತ್ತು. ಇವಳನ್ನು ಕಂಡು ಮೈಕೆಳಗಿನ ಕೈಯನ್ನು ಮೆಲ್ಲಗೆ ಎಳೆದು ಚಾಚಿದಳು.

"ನೋಡು, ಯಾರ ಕೈಗೂ ಕೊಟ್ಟಿಲ್ಲ."

ಪಟ್ಟಿ ಹಾಗೆಯೇ ಇತ್ತು. ಅಂಚು ಒಂದಿಷ್ಟು ಕಪ್ಪಾಗಿದ್ದು ಬಿಟ್ಟರೆ ಹಚ್ಚಿದ ದಿನದ ಹಾಗೇ ಬಿಗಿಯಾಗಿ, ಚೊಕ್ಕವಾಗಿ ಇತ್ತು. ಅದರ ಸುತ್ತಲ ಕೈ ಮಾತ್ರ ಕೊಟ್ರಮ್ಮನ ಕೈ ಆಗಿರಲಿಲ್ಲ. ಬೆರಳುಗಳು ಮಡಿಚಲಾರದಷ್ಟು ಊದಿದ್ದವು. ಮಣಿಕಟ್ಟಿನಿಂದ ಹೊರಟ ಒಂದು ಕೆಂಪು ಗೆರೆ ಮೊಣಕೈ ದಾಟಿ ಕಂಕುಳಿಗೆ ಹೋಗಿತ್ತು. ಆ ಗೆರೆ ಎಂದರೆ ನಂಜು ಮೈಗೆ ಏರಿದೆ ಎಂದು ಇಮಾಮ್‌ಸಾಬ್ ಮಗಳಿಗೆ ಚಿಕ್ಕಂದಿನಲ್ಲೇ ತೋರಿಸಿದ್ದ.

"ಯಾಕೆ ಬಿಚ್ಚಲಿಲ್ಲ ನನ್ನವ್ವ. ನೋವು ಬಂದಾಗ ಕಿತ್ತು ಒಗೀಬಾರದಾಗಿತ್ತಾ?"

"ನೀನೇ ಅಂದಿದ್ದಿ ಅಲ್ಲ."

ಬಿಸಿನೀರು ಬಿಟ್ಟು ಬಿಟ್ಟು ಅಂಟು ಸಡಲಿಸಿ ಒಂದೊಂದೇ ಸಾಲು ತೆಗೆದಳು. ಮೂರನೆಯದು ಏಳುವಾಗ ಒಳಗಿದ್ದದ್ದು ಹೊರಗೆ ಬಂತು. ಅಂಜಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಹೊರಗೆ ಹೋದಳು. ಬೂಬಮ್ಮ ಆರು ಚೆಂಬು ಸುರಿದಳು, ಹತ್ತು ಚೆಂಬು ಸುರಿದಳು. ಮರಳಿನ ಕಾಳುಗಳು ಈಗ ತಾವಾಗಿಯೇ ಹರಿದು ಬಂದವು. ಕಟ್ಟುವುದಕ್ಕೆ ಬಟ್ಟೆ ಇರಲಿಲ್ಲ. ಉಟ್ಟ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದು ಸಡಿಲವಾಗಿ ಸುತ್ತಿ ಗಂಟು ಹಾಕಿದಳು.

"ಈಗ ಹಗುರ ಆತು ಬೂಬಕ್ಕ," ಎಂದಳು ಕೊಟ್ರಮ್ಮ. "ನೀನು ಬಂದ ಮ್ಯಾಲೆ ಆಗೇ ಆಗ್ತೈತೆ ಅಂತ ಇವರಿಗೆ ಹೇಳಿದ್ದೆ."

ಗಾಡಿ ಕಟ್ಟಿದರು. ಬೂಬಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊನ್ನಾಳಿಯ ದಾರಿ ಯಾವತ್ತೂ ಅಷ್ಟು ಉದ್ದವಾಗಿರಲಿಲ್ಲ. ಕೊಟ್ರಮ್ಮ ಮೊದಲು ನಡುಗಿದಳು. ಆಮೇಲೆ ಭಟ್ಟಿಗೆ ಸೌದೆ ಹಾಕು ಎಂದು ಯಾರಿಗೋ ಹೇಳತೊಡಗಿದಳು. ಆಮೇಲೆ ಸುಮ್ಮನಾದಳು. ಹೊನ್ನಾಳಿ ಇನ್ನೆರಡು ಮೈಲಿ ಇದ್ದಾಗ ಬೂಬಮ್ಮ ಎತ್ತು ನಿಲ್ಲಿಸಲು ಹೇಳಿದಳು. ಮುರುಗೇಶಪ್ಪ ಇಳಿದು ಹಿಂದೆ ಬಂದು ನೋಡಿದ. ಎತ್ತಿನ ಮೂಗುದಾರ ಹಿಡಿದು ಗಾಡಿಯನ್ನು ಬಂದ ದಾರಿಗೆ ತಿರುಗಿಸಿದ.

ಮರುದಿನ ಬೆಳಿಗ್ಗೆ ಅಂಜಮ್ಮ ಬಂದು ಬೂಬಮ್ಮನ ಬಾಗಿಲು ಬಡಿದಳು. ಮೈ ತೊಳೆದು, ವಿಭೂತಿ ಹಚ್ಚಿ ಕೂರಿಸಬೇಕು, ಕೈಯ ಕಟ್ಟು ಹಾಗೇ ಇದೆ, ಹೆಂಗಸರು ಯಾರೂ ಬಿಚ್ಚಲು ಒಪ್ಪುತ್ತಿಲ್ಲ ಎಂದಳು.

"ಒಂದು ಗಂಟು ಬಿಚ್ಚಾಕೆ ನಾನೇ ಬರಬೇಕೇನೇ? ಸತ್ತವಳಿಗೆ ಇನ್ನೇನು ಕಟ್ಟಳೆ?"

"ನಂಗೇನು ಗೊತ್ತವ್ವ. ನೀನು ಕಟ್ಟಿದ್ದು. ಯಾರಿಗೂ ಧೈರ್ಯ ಬರವಲ್ಲದು."

ಬೂಬಮ್ಮ ಹೋದಳು. ಕ್ರಿಯೆ ಮಾಡಿಸಲು ಬಂದು ಬಾಗಿಲಲ್ಲಿದ್ದ ಸ್ವಾಮಿಗಳು, ಈ ಹೊತ್ತಿನಲ್ಲಿ ಬೇರೆ ಜಾತಿಯವರು ಮುಟ್ಟುವುದು ಹೇಗೆ ಎಂದು ಮೆಲ್ಲಗೆ ಅಂದರು. ಮುರುಗೇಶಪ್ಪ ತಲೆ ಎತ್ತದೆ ಹೇಳಿದ:

"ಒಂಬತ್ತು ದಿನ ಆ ಕೈಗೇ ಕಾದಾಳ್ರಿ ಬುದ್ಧಿ. ಬಿಡ್ರಿ, ಬರಲಿ."

ಬೂಬಮ್ಮ ಕೂತು, ತನ್ನ ಸೆರಗಿನ ತುಂಡನ್ನು ತಾನೇ ಬಿಚ್ಚಿದಳು. ಸಡಿಲ ಗಂಟು, ಯಾರಾದರೂ ಬಿಚ್ಚಬಹುದಾಗಿತ್ತು. ಅಂಗೈಯ ಎರಡೂ ಬದಿಗೆ ಅಂಟುಪಟ್ಟಿ ಇದ್ದಷ್ಟು ಜಾಗ ಬೆಳ್ಳಗೆ ನಾಲ್ಕು ಗೆರೆಯಾಗಿ ಉಳಿದಿತ್ತು. ಅದನ್ನು ಎಷ್ಟು ಒರೆಸಿದರೂ ಹೋಗಲಿಲ್ಲ.

ಊರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಕೊಟ್ರಮ್ಮನ ಹಣೆಯಲ್ಲಿ ಅಷ್ಟೇ ಬರೆದಿತ್ತು ಎಂದರು. ಬೂಬಮ್ಮ ಗುರುವಾರ ಬಂದಿದ್ದರೆ ಉಳಿಯುತ್ತಿದ್ದಳು, ಅವಳ ಕೈ ಬಿಟ್ಟರೆ ಇಲ್ಲ ನೋಡಿ ಎಂದರು. ಕಟ್ಟಳೆ ಮೊದಲಿಗಿಂತ ಗಟ್ಟಿಯಾಯಿತು. ಮುರುಗೇಶಪ್ಪ ಕಾರ್ಡನ್ನು ತಂದು ಅವಳಿಗೇ ಕೊಟ್ಟ. ಮೇಷ್ಟ್ರು ಕೇಳಿದ್ದು, ತಾನು ಬೇಡ ಅಂದದ್ದು ಅವನಿಗೆ ಹೇಳಬೇಕೆಂದು ಮೂರು ಸಲ ಅವನ ಮನೆಯವರೆಗೆ ಹೋದಳು. ಮೂರು ಸಲವೂ ಆ ಆರಿದ ಭಟ್ಟಿಯನ್ನು ನೋಡಿ ತಿರುಗಿ ಬಂದಳು. ಕಾರ್ಡಿನಲ್ಲಿ ಮೂರು ಸಾಲು ಬರೆದು ಕೆಳಗೆ ಖಾಲಿ ಬಿಟ್ಟಿತ್ತು. ಓದಲು ಬಾರದಿದ್ದರೂ ಆ ಖಾಲಿ ಜಾಗ ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಅದನ್ನು ಮಡಿಚಿ ಅಂಟುಪಟ್ಟಿಯ ಡಬ್ಬಿಯಲ್ಲಿಟ್ಟು ಮುಚ್ಚಿದಳು. ಆ ಡಬ್ಬಿ ಮತ್ತೆ ತೆರೆಯಲಿಲ್ಲ.

ಅಂದಿನಿಂದ ಗಾಯ ಕಟ್ಟಿಸಿಕೊಂಡವರಿಗೆಲ್ಲ ಒಂದೇ ಮಾತು ಹೇಳತೊಡಗಿದಳು. ದಿನಾ ಬಿಚ್ಚಿ, ನೋಡಿ, ತೊಳೆದು ಕಟ್ಟಿಕೊಳ್ಳಿ. ಸಗಣಿ ಮಾತ್ರ ಹಾಕಬೇಡಿ. ಜನ ತಲೆಯಾಡಿಸಿ ಹೋಗಿ ಹಾಗೆಯೇ ಕೂರುತ್ತಿದ್ದರು. ಬೂಬಮ್ಮ ನಮ್ಮನ್ನು ಪರೀಕ್ಷೆ ಮಾಡುತ್ತಾಳೆ ಎಂದು ನಗುತ್ತಿದ್ದರು. ಹಾಗಾಗಿ ಅವಳೇ ದಿನವೂ ಬೆಳಿಗ್ಗೆ ಎದ್ದು, ಕಟ್ಟಿದವರ ಮನೆಮನೆಗೆ ಹೋಗಿ ಬಿಚ್ಚಿ ನೋಡಿ ಬರುತ್ತಿದ್ದಳು. ಬೇರೆ ಊರಿನವರಾದರೆ ಕಟ್ಟುವುದಕ್ಕೇ ಒಪ್ಪುತ್ತಿರಲಿಲ್ಲ, ಹೊನ್ನಾಳಿಗೆ ಹೋಗಿ ಎನ್ನುತ್ತಿದ್ದಳು. ಅವರು ಹೊನ್ನಾಳಿಗೂ ಹೋಗದೆ ಮನೆಗೆ ಹೋಗಿ ನಶ್ಯ ತುಂಬಿಕೊಂಡರು ಎಂದು ಆಮೇಲೆ ಕೇಳಿಬರುತ್ತಿತ್ತು.

ನಾಲ್ಕೈದು ವರ್ಷ ಹೀಗೆ ನಡೆಯಿತು. ಆಮೇಲೆ ಮಂಡಿ ಹಿಡಿದುಕೊಂಡವು, ಕಣ್ಣಿಗೆ ಪೊರೆ ಬಂತು. ಒಂದು ಮಳೆಗಾಲ ಜ್ವರ ಬಂದು ಮಲಗಿದವಳು ಏಳಲಿಲ್ಲ. ಮಲಗುವ ಹಿಂದಿನ ದಿನ ಶಂಕ್ರಮ್ಮ ಎಂಬ ಕೂಲಿ ಹೆಂಗಸಿಗೆ ಕಾಲ್ಬೆರಳಿಗೆ ಕಟ್ಟಿದ್ದಳು. ಅವಳು ಮೂರನೇ ದಿನ ಕುಂಟಿಕೊಂಡು ಬಂದು ಹೊಸ್ತಿಲಲ್ಲಿ ನಿಂತಳು.

"ಬಿಚ್ತೀಯೇನು ಬೂಬಮ್ಮ? ಬೆರಳು ಯಾಕೋ ಸಿಡೀತೈತೆ."

"ನೀನೇ ಬಿಚ್ಚವ್ವ. ನನ್ನ ಕೈಲಿ ಆಗಂಗಿಲ್ಲ. ಅಲ್ಲೇ ಕೂತು ಈಗಲೇ ಬಿಚ್ಚು, ನನ್ನ ಕಣ್ಣ ಮುಂದೆ ಬಿಚ್ಚು."

"ನಾನು ಬಿಚ್ಚೋದಾ? ಬ್ಯಾಡವ್ವ. ನಿನಗೆ ಆರಾಮಾಗಲಿ. ನಂಗೇನು ಅವಸರ ಇಲ್ಲ."

ಬೂಬಮ್ಮ ಚಾಪೆಯಿಂದ ಕೈ ಚಾಚಿದಳು. ಹೊಸ್ತಿಲು ದೂರವಿತ್ತು. ಶಂಕ್ರಮ್ಮ ಕಟ್ಟಿದ ಕಾಲನ್ನು ಜೋಪಾನವಾಗಿ ಮುಂದೆ ನೀಡಿಕೊಂಡು, ಜಗಲಿಯ ಕಂಬಕ್ಕೆ ಒರಗಿ, ಕಾಯುತ್ತ ಕೂತಳು.